ಹದಿಮೂರನೇ ಸಾಲಿನ ಟಿಕ್

ಮೂರು ವಾರ ಈ ಅಂಕಣದ ಜಾಗ ಖಾಲಿ ಇತ್ತು. "ಏನ್ರಿ ಸರ್ರ, ಆರಾಮಿಲ್ಲೇನು?" ಎಂದು ಕೆಲವರು ಫೋನ್ ಮಾಡಿ ಕೇಳಿದಿರಿ. ಮನೆಯವರಿಗೆ ಆಕ್ಸಿಡೆಂಟ್ ಆಗಿದೆ ಎಂದೆ. ಎಲ್ಲಿ ಎಂದು ಕೇಳಿದವರಿಗೆ "ಇಲ್ಲೇ" ಎಂದು ಮಾತು ಮುಗಿಸಿದೆ.

ಇಲ್ಲೇ ಎಂದರೆ ನಮ್ಮ ಅಂಗಳದಲ್ಲಿ. ಕಾರು ಹತ್ತು ಅಡಿ ಕೂಡ ಸರಿದಿರಲಿಲ್ಲ. ಸ್ಟೇರಿಂಗ್ ಹಿಡಿದಿದ್ದವನು ನಾನು.

ನಮ್ಮದು ಹದಿನಾರು ವರ್ಷದ ಸಣ್ಣ ಕಾರು. ಸವಣೂರಿನಿಂದ ಶಿಗ್ಗಾಂವ, ಹಾನಗಲ್ಲ, ಎಂದಾದರೊಮ್ಮೆ ಹಿರೇಕೆರೂರು. ಅದರ ಪ್ರಪಂಚ ಅಷ್ಟೇ. ಹೋದ ತಿಂಗಳು ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಗಾಲಿಗಳಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರತೊಡಗಿತು. ಬ್ರೇಕ್ ಪ್ಯಾಡ್ ಸವೆದಿವೆ ಎಂದು ಗೊತ್ತಾಗಲು ಮೆಕ್ಯಾನಿಕ್ ಬೇಕಿಲ್ಲ.

ಆದರೂ ಮೆಕ್ಯಾನಿಕ್ ದಾದಾಪೀರನ ಹತ್ತಿರವೇ ಹೋದೆ. ಅಂದು ಮಂಗಳವಾರ.

"ಸರ್ರ, ನಾಳೆ ಅಮಾಸಿ. ಇಪ್ಪತ್ತು ಗಾಡಿ ಸಾಲಾಗಿ ನಿಂತಾವು ನೋಡ್ರಿ. ಗುರುವಾರ ಮುಂಜಾನೆ ತರ್ರಿ, ಎಲ್ಲಾರಕಿಂತ ಮೊದಲ ನಿಮ್ಮದ ಬಿಚ್ಚತೇನಿ."

"ಎಷ್ಟು ಗಂಟೆಗೆ?"

"ಮುಂಜಾನೆ ಅಂದ್ನೆಲ್ರಿ."

"ಮುಂಜಾನೆ ಅನ್ನೋದು ಟೈಮ್ ಅಲ್ಲ."

"ಗ್ಯಾರೇಜಿನ್ಯಾಗ ಅದ ಟೈಮ್, ಸರ್ರ. ಸೀಟಿ ಊದಿದ್ರ ನಟ್ಟು ಬಿಚ್ಚಂಗಿಲ್ಲ."

ಅಲ್ಲಿದ್ದವರು ನಕ್ಕರು. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಸೀಟಿ ಊದಿದವನಿಗೆ ಅದು ನಾಟಿತು. ಅಲ್ಲದೆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ತಿಳವಳ್ಳಿಯಲ್ಲಿ ಇರಬೇಕಿತ್ತು. ನನ್ನ ಹೆಂಡತಿ ಗಿರಿಜಾಳ ತಂಗಿಯ ಮಗಳ ನಿಶ್ಚಿತಾರ್ಥ. (ಒಂಬತ್ತು ಎಂದರೆ ನನಗೆ ಎಂಟೂ ಐವತ್ತು.) ಬಸ್ಸಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು.

ನಾನು ಮೊಬೈಲ್ ತೆಗೆದೆ. ಒಂದು ವಿಡಿಯೋದಲ್ಲಿ ಬಿಳಿ ಅಂಗಿ ತೊಟ್ಟವನೊಬ್ಬ ಹನ್ನೆರಡು ನಿಮಿಷದಲ್ಲಿ ಎರಡೂ ಗಾಲಿಯ ಪ್ಯಾಡ್ ಬದಲಿಸಿ ಕೈ ಒರೆಸಿಕೊಂಡ. ಅಂಗಿಗೆ ಒಂದು ಕಲೆಯೂ ಇಲ್ಲ. ನಾನು ಅದನ್ನು ನಾಲ್ಕು ಸಲ ನೋಡಿ, ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಒಂದರಿಂದ ಹದಿನಾಲ್ಕರವರೆಗೆ ಕೆಲಸಗಳನ್ನು ಬರೆದುಕೊಂಡೆ. ಬಲಗಡೆ ಟಿಕ್ ಹಾಕಲು ಒಂದು ಕಾಲಂ. ಮಧ್ಯಾಹ್ನವೇ ಬಸ್ ಹತ್ತಿ ಶಿಗ್ಗಾಂವಕ್ಕೆ ಹೋಗಿ ಪ್ಯಾಡ್ ತಂದೆ. ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಬೇರೆ ಮಾಡೆಲ್ಲಿನವು. ಮತ್ತೆ ಬಸ್, ಮತ್ತೆ ಶಿಗ್ಗಾಂವ. ಅಂಗಡಿಯವನು "ನೀವು ಹೇಳಿದ್ದ ಕೊಟ್ಟೇನ್ರಿ" ಎಂದ. ನಿಜ, ಕಾರು ಕೊಂಡ ವರ್ಷವನ್ನು ನಾನೇ ತಪ್ಪು ಹೇಳಿದ್ದೆ.

ಬುಧವಾರ ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ. ಗಾಲಿಯ ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಪಾನಾ ಸಿಕ್ಕಿಸಿ ಅದರ ಮೇಲೆ ಎರಡೂ ಕಾಲಿಟ್ಟು ನಿಂತೆ, ಅರವತ್ತೆಂಟನೇ ವಯಸ್ಸಿನಲ್ಲಿ. ಒಂದು ನಟ್ಟು ಬಿಚ್ಚಿಕೊಳ್ಳಲು ಇಪ್ಪತ್ತು ನಿಮಿಷ. ಜಾಕ್ ಕರಿಮಣ್ಣಿನಲ್ಲಿ ಹೂತುಕೊಂಡು ಓರೆಯಾಯಿತು, ಅದರ ಅಡಿಗೆ ಹಲಗೆ ಇಟ್ಟೆ. ಮುಂಗೈ ತರಚಿತು. ವಿಡಿಯೋದವನು ಎರಡು ಬೆರಳಿನಿಂದ ಒಳಗೆ ತಳ್ಳಿದ್ದ ಪಿಸ್ಟನ್ನು, ನಾನು ಸೊಂಟ ಕೊಟ್ಟು ತಳ್ಳಿದರೂ ಅಲುಗಲಿಲ್ಲ. ಕೊನೆಗೆ ಬಡಿಗರು ಹಲಗೆಗಳನ್ನು ಬಿಗಿದು ಹಿಡಿಯುವ ಶಿಕಂಜೆ ತಂದು ಬಿಗಿದು ತಳ್ಳಿದೆ. ಒಂದು ಗಾಲಿ ಮುಗಿದಾಗ ಒಂಬತ್ತೂವರೆ. ನಾಷ್ಟಾ ಎಂಟಕ್ಕೆ ಮಾಡುವವನು ನಾನು. ಅಂದು ಮಾಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತೇವಲ್ಲ, ಆಗ ಅದಕ್ಕೂ ಪ್ಯಾಡಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ನಿಂತ ಕಾರಿನಲ್ಲೇ ಕೂತು ಪೆಡಲನ್ನು ಹತ್ತಿಪ್ಪತ್ತು ಸಲ ಒತ್ತಬೇಕು. ಒತ್ತುತ್ತಾ ಹೋದಂತೆ ಅದು ಗಟ್ಟಿಯಾಗುತ್ತದೆ. ಒತ್ತದೆ ಹೊರಟರೆ ಮೊದಲ ಸಲ ಬ್ರೇಕ್ ಇರುವುದೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪಟ್ಟಿಯ ಹದಿಮೂರನೇ ಸಾಲು ಅದೇ: 'ಪೆಡಲ್ ಗಟ್ಟಿಯಾಗುವವರೆಗೆ ಒತ್ತುವುದು.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ಹದಿನಾಲ್ಕು, ಪೂಜೆ.

ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವುದು ನಮ್ಮಲ್ಲಿ ತಪ್ಪಿದ್ದಿಲ್ಲ. ಗಾಲಿಗಳ ಅಡಿಗೆ ನಿಂಬೆಹಣ್ಣು ಇಡುವುದು, ಎದುರಿಗೆ ನಿಂತು ಆರತಿ ಬೆಳಗುವುದು, ಆಮೇಲೆ ಗಾಡಿಯನ್ನು ತುಸು ಮುಂದೆ ಸರಿಸಿ ನಿಂಬೆಹಣ್ಣು ಒಡೆಸುವುದು.

ಎರಡನೇ ಗಾಲಿಯ ಕೊನೆಯ ನಟ್ಟು ಬಿಗಿದು, ಜಾಕ್ ಇಳಿಸಿದಾಗ ಹನ್ನೊಂದೂ ಮುಕ್ಕಾಲು. ಗಿರಿಜಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಿಂಬೆಹಣ್ಣು ಆಗಲೇ ಇಟ್ಟಿದ್ದಳು.

"ರೀ, ಹನ್ನೆರಡಕ್ಕ ರಾಹುಕಾಲ ಹತ್ತತೈತಿ. ಲಗೂನ ಬರ್ರಿ."

"ಒಂದು ಮಿನಿಟು. ಪಟ್ಟಿ ಮುಗಿಸ್ತೇನಿ."

"ಪಟ್ಟಿ ಏನ್ ಓಡಿ ಹೊಕ್ಕೈತೇನು? ಆಮ್ಯಾಲೆ ಬರಕೋರಿ."

ನಾನು ನೋಟ್‌ಬುಕ್ ತೆಗೆದೆ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು. ನಾಲ್ಕೂ ಸಾಲಿಗೆ ಒಂದೇ ಗುಕ್ಕಿಗೆ ಟಿಕ್ ಹಾಕಿದೆ. ಹನ್ನೊಂದು, ಹನ್ನೆರಡು ಆಗಿದ್ದವು. ಹದಿಮೂರು, ಹದಿನಾಲ್ಕು ಇನ್ನು ಎರಡು ನಿಮಿಷದಲ್ಲಿ ಆಗುವಂಥವು. ಕೈಗೆ ಗ್ರೀಸ್ ಮೆತ್ತಿತ್ತು, ಮತ್ತೆ ಮತ್ತೆ ಪೆನ್ನು ಯಾಕೆ ಹಿಡಿಯಬೇಕು?

ಈ ಕೈಗೆ ಆ ಅಭ್ಯಾಸ ಎಲ್ಲಿಂದ ಬಂತು, ಹೇಳುತ್ತೇನೆ. ನಮ್ಮ ಶಾಲೆಯ ನೀರಿನ ಟ್ಯಾಂಕಿಗೆ ಒಂದು ಕಾರ್ಡು ತೂಗುಹಾಕಿತ್ತು, 'ಸ್ವಚ್ಛಗೊಳಿಸಿದ ದಿನಾಂಕ' ಎಂದು. ಉಸ್ತುವಾರಿ ನನ್ನದು. ತಪಾಸಣೆಗೆ ಬಂದವರು ಕಾರ್ಡು ನೋಡುತ್ತಿದ್ದರು, ಟ್ಯಾಂಕಿನೊಳಗೆ ಯಾರೂ ಇಣುಕುತ್ತಿರಲಿಲ್ಲ. ಹಾಗಾಗಿ ಜೂನ್ ತಿಂಗಳಲ್ಲೇ ದಸರಾ ರಜೆಯವರೆಗಿನ ಸಹಿ ಹಾಕಿಬಿಡುತ್ತಿದ್ದೆ. ಟ್ಯಾಂಕ್ ತೊಳೆಸುತ್ತಿರಲಿಲ್ಲ ಎಂದಲ್ಲ, ತೊಳೆಸುತ್ತಿದ್ದೆ, ಬಹಳ ಸಲ. ಮೊನ್ನೆ ಒಂದು ಬಸ್ ನಿಲ್ದಾಣದ ಶೌಚಾಲಯದಲ್ಲಿ, ಬೆಳಿಗ್ಗೆ ಹತ್ತಕ್ಕೇ ಸಂಜೆ ನಾಲ್ಕರ ಸಫಾಯಿಗೂ ಸಹಿ ಆಗಿರುವುದನ್ನು ಕಂಡೆ. ಆ ಸಹಿ ಹಾಕಿದವನೂ ಸೋಮಾರಿ ಇರಲಿಕ್ಕಿಲ್ಲ. ಶಿಸ್ತಿನ ಮನುಷ್ಯನೇ ಇದ್ದಾನು. ಕಾಲಂ ಖಾಲಿ ಬಿಡುವುದು ಅವನಿಗೂ ಸಹಿಸಲಾಗದು. ಒಮ್ಮೆ ಸಹಿ ಬಿದ್ದಮೇಲೆ ಆ ಕೆಲಸ ಆಗಿಯೇ ಹೋಯಿತು ಎಂದು ತಲೆ ಒಪ್ಪಿಕೊಂಡುಬಿಡುತ್ತದೆ. ನನ್ನ ತಲೆ ಒಪ್ಪಿಕೊಂಡಿತು.

ಗಿರಿಜಾ ಕಾರಿನ ಎದುರಿಗೆ ನಿಂತು ಆರತಿ ಬೆಳಗಿದಳು. ನಾನು ಕಾರಿನಲ್ಲಿ ಕೂತೆ. ಹ್ಯಾಂಡ್‌ಬ್ರೇಕ್ ಇಳಿಸಿ ಫಸ್ಟ್ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ. ನಿಂಬೆಹಣ್ಣು ಒಡೆದ ಸದ್ದು ಕೇಳಿತು. ಬ್ರೇಕ್ ಒತ್ತಿದೆ. ಪೆಡಲು ನೇರ ತಳಕ್ಕೆ ಹೋಯಿತು, ಕಾಲಿನಡಿ ಏನೂ ಇಲ್ಲದ ಹಾಗೆ.

ಗಿರಿಜಾಳ ಬೆನ್ನಿಗೆ ಬಟ್ಟೆ ಒಗೆಯುವ ಕಲ್ಲು. ಹಿಂದೆ ಸರಿಯಲು ಜಾಗವಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯಬೇಕು ಎಂದು ಹೊಳೆಯುವ ಹೊತ್ತಿಗೆ ಬಂಪರಿಗೂ ಕಲ್ಲಿಗೂ ನಡುವೆ ಅವಳ ಬಲಗಾಲು ಇತ್ತು. ಆಕೆ ಚೀರಲಿಲ್ಲ. "ಹಿಂದಕ್ಕ ತಗೋರಿ" ಎಂದಳು, ತಟ್ಟೆ ಇನ್ನೂ ಕೈಯಲ್ಲಿತ್ತು. ನನಗೆ ರಿವರ್ಸ್ ಗೇರ್ ಬೀಳಲಿಲ್ಲ. ಎರಡು ಸಲ ಬೀಳಲಿಲ್ಲ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮೊಣಕಾಲ ಕೆಳಗೆ ಎರಡು ಕಡೆ ಮುರಿದಿದೆ, ಪ್ಲೇಟ್ ಹಾಕಿದ್ದಾರೆ. ಕೋಲು ಹಿಡಿದು ನಡೆಯಬಹುದು, ನೆಲಕ್ಕೆ ಕೂರುವುದು ಇನ್ನು ಮರೆತುಬಿಡಿ ಎಂದರು ಡಾಕ್ಟರು. ನಲವತ್ತು ವರ್ಷದಿಂದ ನೆಲಕ್ಕೆ ಕೂತು ರೊಟ್ಟಿ ಬಡಿದವಳು ಅವಳು.

ಹೇಗಾಯಿತು ಎಂದು ಡಾಕ್ಟರು ಕೇಳಿದರು. ಬ್ರೇಕ್ ಫೇಲಾಯಿತು ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಮಾತು!

ನೋಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ತಿಳವಳ್ಳಿಯಿಂದ ಬಂದ ಅವಳ ತಂಗಿ ಅಕ್ಕನನ್ನೇ ಬೈದಳು: "ನಟ್ಟ ನಡುವ ಯಾಕ ನಿಂತಿದ್ದಿ ಅಕ್ಕಾ? ಬಾಜೂಕ ನಿಂತು ಆರತಿ ಮಾಡಾಕ ಬರ್ತಿದ್ದಿಲ್ಲೇನು?" ಗಿರಿಜಾ ತಲೆಯಾಡಿಸಿದಳು. "ನಂದ ತಪ್ಪು. ಅವರು ಒಂದ್ ಮಿನಿಟು ಅಂದ್ರು. ನಾನ ರಾಹುಕಾಲ ಅಂತ ಗಡಬಡಿ ಮಾಡಿದ್ನಿ." ನಾನು ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದೆ.

ನಾವು ಊರಿಗೆ ಮರಳಿದ ಮೇಲೆ ಒಂದು ಸಂಜೆ ದಾದಾಪೀರ ಬಂದ. ಕಾರಿನ ಅಡಿಗೆ ಮಲಗಿ ನೋಡಿದ. ಆಮೇಲೆ ಒಳಗೆ ಕೂತು ಪೆಡಲ್ ಒತ್ತತೊಡಗಿದ. ಐದು, ಆರು, ಏಳು ಸಲ. ಇಳಿದು ಬಂದ.

"ಎಣ್ಣಿ ಸೋರಿಲ್ಲ, ಪೈಪ್ ಒಡದಿಲ್ಲ. ಪ್ಯಾಡ್ ಚಲೋ ಹಾಕೀರಿ, ಸರ್ರ. ಈಗ ಬ್ರೇಕ್ ಗಟ್ಟಿ ಐತಿ." ಗಿರಿಜಾ ಮಲಗಿದ್ದ ಕೋಣೆಯ ಕಿಟಕಿಯತ್ತ ನೋಡಿ ದನಿ ತಗ್ಗಿಸಿದ. "ಗಾಡಿ ಎಬ್ಬಸೂಕಿಂತ ಮೊದಲ ಪೆಡಲ್ ಒತ್ತಿದ್ದಿಲ್ಲೇನ್ರಿ?"

ನಾನು ಒಳಗೆ ಹೋಗಿ ನೋಟ್‌ಬುಕ್ ತಂದು ತೋರಿಸಿದೆ. ಹದಿಮೂರನೇ ಸಾಲು, ಎರಡು ಗೆರೆ, ಟಿಕ್.

ಅವನು ಟಿಕ್ಕನ್ನೂ ನೋಡಿದ, ನನ್ನನ್ನೂ ನೋಡಿದ. "ಹಂಗಾರ ಎಲ್ಲಾ ಬರೋಬ್ಬರಿ ಐತಿ ಬಿಡ್ರಿ" ಎಂದು ಚಹಾ ಕುಡಿಯದೆ ಹೋದ.

ಇಷ್ಟಾದರೂ ನಾನು ಸುಮ್ಮನಿದ್ದೆ. ಮೊನ್ನೆ ಭಾನುವಾರ ಗಾಯ ಒರೆಸಿ ಬಟ್ಟೆ ಬದಲಿಸುವಾಗ ಗಿರಿಜಾ ಹೇಳಿದಳು, "ಕಾಲು ನೆಟ್ಟಗಾದ್ರ ಹುಲಗೂರ ದರ್ಗಾಕ್ಕ ನಡಕೊಂತ ಬರ್ತೇನಿ ಅಂತ ಬೇಡಿಕೊಂಡೇನಿ."

"ಆ ಕಾಲಾಗ ನಡಕೊಂತ? ಯಾಕ?"

"ನಾ ಗಡಬಡಿ ಮಾಡಿದ್ದಕ್ಕ. ತಪ್ಪು ಕಾಣಿಕಿ ಅಂತ."

ನನ್ನ ತಪ್ಪಿನ ಕಾಣಿಕೆಯನ್ನು ಆಕೆ ಮುರಿದ ಕಾಲಿನಲ್ಲಿ ನಡೆದು ಸಲ್ಲಿಸಬೇಕೇ? ಅಂದೇ ಇದನ್ನು ಬರೆಯಲು ಕೂತೆ. ಎದುರಿಗೆ ನಿಂತು ಹೇಳುವ ಧೈರ್ಯ ಇರಲಿಲ್ಲ.

ಪ್ರತಿ ವಾರ ಅಂಕಣವನ್ನು ಪತ್ರಿಕೆಗೆ ಕಳಿಸುವ ಮೊದಲು ಆಕೆಗೆ ಓದಿ ಹೇಳುವುದು ನಮ್ಮ ಮನೆಯ ಪದ್ಧತಿ. ಈ ವಾರವೂ ಓದಿದೆ. ಇಲ್ಲಿಯವರೆಗೆ ಓದಿ ಕನ್ನಡಕ ತೆಗೆದೆ. ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ನಿದ್ದೆ ಬಂದಿರಲಿ ಎಂದೂ ಅನಿಸಿತು.

"ಊರ ಮಂದಿಗೆ ಹೇಳಾಕ ಒಂದ ದಿನದಾಗ ಬರದ್ರಿ," ಎಂದಳು, ತಿರುಗದೆ. "ಮೂರು ವಾರ ನನ್ನ ಬಾಜೂಕ ಕುಂತಿದ್ರೆಲ್ಲ, ಆವಾಗ ಬಾಯಿ ಎಲ್ಲಿ ಇಟ್ಟಿದ್ರಿ?"