ಬಾವಿಗೆ ಬಿಟ್ಟ ಗಪ್ಪಿ

ತೀರ್ಥಹಳ್ಳಿಯಿಂದ ತಂದ ಮೂರು ಗಪ್ಪಿ ಮೀನು ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ತೊಟ್ಟಿ ತುಂಬಿದ್ದವು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಾಕಿದ್ದನ್ನು ತಾಯಿಯೇ ತಿನ್ನುತ್ತದೆ. ಅದನ್ನು ನೋಡಲಾಗದೆ ಮರಿಗಳನ್ನು ಬೇರೆ ಬಾಟಲಿಗೆ ಹಾಕಿ ಉಳಿಸುತ್ತಿದ್ದೆ. ಜಾಗ ಸಾಲದಾದಾಗ ಒಂದು ಚೊಂಬಿನಷ್ಟು ಮೀನನ್ನು ಪಕ್ಕದ ಮನೆಯ ಬಾವಿಗೆ ಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಸೊಳ್ಳೆ ಕಡಿಮೆಯಾಗಲಿ ಎಂದು ಬಿಟ್ಟೆ ಎಂಬುದು ನನ್ನ ನೆನಪು. ಆ ದಿನದ ಡೈರಿಯಲ್ಲಿ ಸೊಳ್ಳೆಯ ಸುದ್ದಿಯೇ ಇಲ್ಲ. ‘ತೊಟ್ಟಿ ಹಗುರಾಯಿತು’ ಎಂದಷ್ಟೇ ಇದೆ.

ಪಕ್ಕದ ಮನೆಯವರು ಮೇಳಿಗೆಯ ಹಳೆಯ ಜೈನ ಕುಟುಂಬದ ಹೆಂಗಸು. ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದ ಸಣ್ಣಪುಟ್ಟ ಜೀವಗಳು ಸಾಯದಂತೆ ಅದನ್ನು ಮಗುಚಿ ತೊಳೆದು, ಆ ನೀರನ್ನು ಕೊಡದಲ್ಲಿ ಮೆಲ್ಲಗೆ ಬಾವಿಗೇ ಇಳಿಸುತ್ತಾರೆ. ದಿನಾ ನೋಡುತ್ತಿದ್ದೆ. ಆದರೂ ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಕರೆದರು. “ಮೇಷ್ಟ್ರೇ, ಬನ್ನಿ ಇಲ್ಲಿ. ಯಾರೋ ಪುಣ್ಯಾತ್ಮರು ಮೀನು ಬಿಟ್ಟಿದಾರೆ. ಜೀವ ಉಳೀಲಿ ಅಂತ ನಾನು ಇಳಿಸ್ತೀನಿ, ಇವು ಬಾಯಿ ತೆಕ್ಕೊಂಡು ಕಾಯ್ತಾ ಇರ್ತವೆ. ಕೈಯಾರೆ ಬಡಿಸ್ದಂಗಾಯ್ತಲ್ಲ!”

“ಹಿಡಿದು ಕೊಡ್ತೀನಿ ಅಮ್ಮ” ಎಂದೆ. ಅಷ್ಟೇ ಎಂದೆ.

ನಾಲ್ಕು ದಿನ ಹಗ್ಗಕ್ಕೆ ಬಲೆ ಕಟ್ಟಿ ಹಿಡಿದೆ. ಅವರು ಬಕೆಟ್ ಹಿಡಿದು ನಿಂತು, “ನಿಮ್ಮಂಥೋರು ಪಕ್ಕದಲ್ಲಿರೋಕೆ ಪುಣ್ಯ ಮಾಡಿರ್ಬೇಕು” ಎನ್ನುತ್ತಿದ್ದರು. ನಾನು ಬಾವಿಯಿಂದ ತಲೆ ಎತ್ತುತ್ತಿರಲಿಲ್ಲ. ಆ ದಿನಗಳಲ್ಲಿ ಅವರು ಬಾವಿಯ ನೀರು ಸೇದಲಿಲ್ಲ. ನಲ್ಲಿ ನೀರು ಸೋಸಿ, “ಇದು ಯಾವ ಹೊಳೇದೋ, ವಾಪಸ್ ಎಲ್ಲಿಗೆ ಬಿಡ್ಲಿ?” ಎಂದು ಒದ್ದೆ ಬಟ್ಟೆ ಹಿಡಿದು ನಿಂತುಬಿಡುತ್ತಿದ್ದರು.

ಐದನೆಯ ದಿನ ಒಂದೂ ಕಾಣಲಿಲ್ಲ. ಅವರು ಖುಷಿಯಿಂದ ನೀರು ಸೇದಿದರು, ಸೋಸಿದರು, ಬಟ್ಟೆ ತೊಳೆದ ನೀರಿನ ಕೊಡವನ್ನು ಇಳಿಸತೊಡಗಿದರು. ಆಗ ಕಲ್ಲಿನ ಸಂದಿಯಿಂದ ಒಂದು ಮೀನು ಹೊರಬಂತು. ದಪ್ಪ ಹೊಟ್ಟೆಯ ಹೆಣ್ಣು. ಒಂದೇ ಒಂದು ಹೆಣ್ಣು ಉಳಿದರೂ ಸಾಕು, ಒಮ್ಮೆ ಕೂಡಿದ್ದರೆ ಮತ್ತೆ ಗಂಡಿಲ್ಲದೆಯೇ ಹಲವು ಸಲ ಮರಿ ಹಾಕುತ್ತದೆ. ಅವರು ಅದನ್ನು ನೋಡಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

“ಇಳಿಸ್ಬೇಡಿ ಅಮ್ಮ. ಇನ್ನೂ ಒಂದಿದೆ, ಬಸುರಿ. ಬಿಟ್ಟಿದ್ದು ನಾನೇ.”

ಅವರು ಬೈದರೆಂದು ಕೆಲವೊಮ್ಮೆ ನೆನಪಾಗುತ್ತದೆ. ಬೈಯಲಿಲ್ಲ, ನನಗೆ ಬೈಸಿಕೊಳ್ಳಬೇಕಿತ್ತು ಅಷ್ಟೆ. ಅವರು ಕೊಡವನ್ನು ಮೇಲೆಳೆದು ನನ್ನ ಕೈಗಿತ್ತರು.

“ಇದ್ರಲ್ಲಿರೋವೂ ಜೀವಾನೆ. ಅದು ಸಿಗೋವರ್ಗೂ ಇವನ್ನೂ ನೀವೇ ಸಾಕಿ.”

ಕೊಡ ಈಗ ಮೀನಿನ ತೊಟ್ಟಿಯ ಪಕ್ಕದಲ್ಲಿದೆ. ದಿನಾ ಬೆಳಿಗ್ಗೆ ಬಲೆ ಹಿಡಿದು ಹೋಗುತ್ತೇನೆ. ಇನ್ನೂ ಸಿಕ್ಕಿಲ್ಲ.