ಹನ್ನೊಂದು ತಿಂಗಳ ಸಿಂಗಾರ

ರತ್ನಾವತಿಯ ಕೈಗೆ ಸಿಕ್ಕಿದ ಮನೆ ಚಂದವಾಗದೆ ಉಳಿದದ್ದಿಲ್ಲ; ಚಂದವಾದ ಮನೆ ಅವಳ ಕೈಯಲ್ಲಿ ಉಳಿದದ್ದೂ ಇಲ್ಲ. ಮದುವೆಯಾಗಿ ಕಾಪು ಕಡೆಯಿಂದ ಡೊಂಬಿವಲಿಗೆ ಬಂದಂದಿನಿಂದ ಅವಳದು ಬಾಡಿಗೆ ಸಂಸಾರ. ಈ ಕಡೆ ಬಾಡಿಗೆಯ ಕರಾರು ಎಂದರೆ ಹನ್ನೊಂದು ತಿಂಗಳು. ಮಾಲೀಕನ ಮನಸ್ಸಿಗೆ ಬಂದರೆ ಇನ್ನೊಂದು ಹನ್ನೊಂದು, ಬಾರದಿದ್ದರೆ ಗಂಟುಮೂಟೆ ಕಟ್ಟುವುದು. ಉಳಿದ ಹೆಂಗಸರು ಹೆರಿಗೆ ಮದುವೆಗಳಿಂದ ವರ್ಷಗಳನ್ನು ನೆನಪಿಟ್ಟರೆ ಇವಳು ಬಿಟ್ಟುಬಂದ ಮನೆಗಳಿಂದ ನೆನಪಿಡುತ್ತಾಳೆ.

ಡೊಂಬಿವಲಿಯಲ್ಲಿ ಅಡುಗೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿ ಬಳ್ಳಿ ಬರೆದಿದ್ದಳು. ಸತ್ಯನಾರಾಯಣ ಪೂಜೆಗೆ ಬಂದ ಮಾಲೀಕ ಪ್ರಸಾದ ತಿಂದು, ಗೋಡೆ ನೋಡಿ, "ಛಾನ್ ದಿಸ್ತೇ!" ಅಂದ. ಎಷ್ಟು ಚಂದ ಕಾಣುತ್ತದೆ ಎಂದು ಅವನ ಮೆಚ್ಚುಗೆ. ಕರಾರು ಮುಗಿಯುವ ಹೊತ್ತಿಗೆ ಆ ಮನೆ ಅವನ ಮಗಳಿಗೇ ಬೇಕಾಯಿತು. ಕಲ್ಯಾಣದಲ್ಲಿ ಮಾರ್ಕೆಟ್ಟಿನ ಹಿಂದೆ ಹಗಲಲ್ಲೂ ದೀಪ ಹಾಕಬೇಕಾದ ಕೋಣೆ. ಹಳೆಯ ಕನ್ನಡಿಗಳನ್ನು ಅಲ್ಲಲ್ಲಿ ತೂಗುಹಾಕಿ ಅದಕ್ಕೂ ಬೆಳಕು ತಂದಳು. ಏಜೆಂಟನೊಬ್ಬ ಗಿರಾಕಿಯನ್ನು ಕರೆತಂದು ತೋರಿಸಿದ. ಆ ಗಿರಾಕಿಯೂ ಅದೇ ಮಾತು ಹೇಳಿ ಮನೆಯನ್ನೇ ಕೊಂಡುಬಿಟ್ಟ. ಠಾಣೆಯ ಮನೆಯ ಕಥೆಯನ್ನಂತೂ ಕೇಳಲೇಬೇಡಿ. ಕುಂಡದ ಮಲ್ಲಿಗೆ ಮೊಗ್ಗು ಬಿಡುವ ಮೊದಲೇ ಅಲ್ಲಿಂದ ಹೊರಟದ್ದು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಎಂದು ಹಿರಿಯರು ಹೇಳಿದ್ದು ಬಹುಶಃ ಇವಳಂಥವಳನ್ನು ನೋಡಿಯೇ.

ಗಂಡ ವಸಂತಕುಮಾರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ಸಾಧು ಮನುಷ್ಯ, ಆದರೆ ಸಾಮಾನು ಹೊತ್ತು ಹೊತ್ತು ಅವನ ಸೊಂಟಕ್ಕೂ ಸಹನೆಗೂ ಒಟ್ಟಿಗೇ ನೋವು ಬಂದಿತ್ತು. ನೆರೂಳದ ಈಗಿನ ಮನೆಗೆ ಬಂದ ದಿನವೇ ಅವನು ಮಾತು ತೆಗೆದ.

"ನೋಡು ಮಾರಾಯ್ತಿ, ಈ ಸಲ ಬಾಡಿಗೆಮನೆ ಬಾಡಿಗೆಮನೆ ಹಾಗೇ ಇರ್ಲಿ. ನೀನು ಚಂದ ಮಾಡಿದ್ರೆ ಅವ್ರಿಗೆ ಆಸೆ ಆಗ್ತದೆ. ಮತ್ತೆ ನಮ್ಮದು ಟೆಂಪೋ ಸವಾರಿ."

"ಚಂದ ಮಾಡದೆ ಮತ್ತೆಂತ ಮಾಡುದು? ಬೋಳು ಗೋಡೆ ನೋಡಿಕೊಂಡು ಕೂತ್ಕೊಳ್ಳುದಾ? ನಂಗಾಗುದಿಲ್ಲ ಮಾರಾಯ್ರೆ, ಉಸಿರು ಕಟ್ಟಿದ ಹಾಗೆ ಆಗ್ತದೆ."

ಅದು ನೆಪವಲ್ಲ. ಬೋಳು ಗೋಡೆ ಕಂಡರೆ ಅವಳಿಗೆ ನಿಜಕ್ಕೂ ದುಃಖವಾಗುತ್ತಿತ್ತು, ಊಟಕ್ಕೆ ಕೂತವರ ಎದುರು ಬರೀ ಎಲೆ ಹಾಕಿ ಮರೆತಂತೆ. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಚಂದ ಮಾಡಬಹುದು, ಆದರೆ ಎಲ್ಲವೂ ಬಿಚ್ಚಿ ತೆಗೆಯುವಂತಿರಬೇಕು. ಮಾಲೀಕ ಬರುತ್ತಾನೆಂದು ಗೊತ್ತಾದರೆ ಅವನು ಮೆಟ್ಟಿಲು ಹತ್ತುವುದರೊಳಗೆ ಮನೆ ಬೋಳಾಗಬೇಕು. ಉಪಾಯ ರತ್ನಾವತಿಯದೇ. ಬುದ್ಧಿವಂತೆ, ಅತಿ ಬುದ್ಧಿಯ ಕಷ್ಟ ಆಮೇಲೆ ಗೊತ್ತಾಗುವಂಥದ್ದು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಸುತ್ತ ಹೊಸ ಪಟ್ಟಣದ ಸೆಕ್ಟರುಗಳು ಎದ್ದರೂ ನಡುವೆ ಹಳೆಯ ನೆರೂಳ ಊರು ಹಾಗೆಯೇ ಉಳಿದಿದೆ. ಅಲ್ಲಿನವರು ತಮ್ಮ ಮನೆಗಳ ಮೇಲೆ ಮಹಡಿ ಏರಿಸಿ ಬಾಡಿಗೆಗೆ ಕೊಡುತ್ತಾರೆ. ಅಂಥ ಒಂದು ಮಹಡಿ ಇದು. ಮಾಲೀಕ ಸುನಿಲ ಪಕ್ಕದ ಗಲ್ಲಿಯಲ್ಲಿ ತನ್ನ ತಾಯಿ, ಹೆಂಡತಿ, ಮಗನೊಂದಿಗೆ ಇದ್ದ.

ಸಿಂಗಾರದ ಸಾಮಾನೆಲ್ಲ ಬರುತ್ತಿದ್ದದ್ದು ಸೋಮವಾರದ ತಿರುಗಾಟದಿಂದ. ಸೋಮವಾರ ವಸಂತಕುಮಾರನಿಗೆ ರಜೆ. ಬೆಳಿಗ್ಗೆಯೇ ನೀರ್‌ದೋಸೆ ಚಟ್ನಿ ಕಟ್ಟಿಕೊಂಡು ಇಬ್ಬರೂ ಹೊರಟುಬಿಡುವರು. ಮಳೆಗಾಲವಾದರೆ ಖಾರ್ಘರದ ಗುಡ್ಡ, ಚಳಿಗಾಲವಾದರೆ ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯಲ್ಲಿ ಗುಲಾಬಿ ಬಣ್ಣದ ಹಕ್ಕಿಗಳನ್ನು ನೋಡುವುದು, ಬೇಸಿಗೆಯಲ್ಲಿ ಟಿಟ್‌ವಾಲದ ಹೊಳೆ. ದೊಡ್ಡ ಸಾಹಸವೇನಲ್ಲ. ಆದರೆ ಜಾರುವ ಬಂಡೆಯ ಮೇಲೆ ಸೀರೆ ಎತ್ತಿ ಕಟ್ಟಿ ರತ್ನಾವತಿ ಹತ್ತುವುದನ್ನು ನೋಡಿದರೆ ಅವಳಿಗೆ ಮದುವೆ ವಯಸ್ಸಿನ ಮಗಳಿದ್ದಾಳೆಂದು ಯಾರೂ ನಂಬಲಿಕ್ಕಿಲ್ಲ. ಒಮ್ಮೆ ತೊರೆಯಲ್ಲಿ ಜಾರಿ ಕುಕ್ಕರಬಡಿದಳು. ಎಬ್ಬಿಸಲು ಹೋದ ಗಂಡನೂ ಬಿದ್ದ. ಎದ್ದು ಹೋಗುವ ಅವಸರವಿಲ್ಲದೆ ಇಬ್ಬರೂ ನೀರಲ್ಲೇ ಕೂತು ನಕ್ಕರು. ಆ ಗುಡ್ಡದ ಮೇಲೆ ಅವರಿಗೆ ಯಾರ ಕರಾರೂ ಬೇಕಿರಲಿಲ್ಲ.

ಬರುವಾಗ ಕೈ ಖಾಲಿ ಬರುವ ಪದ್ಧತಿ ಇಲ್ಲ. ಗುಲ್‌ಮೊಹರಿನ ಒಣಕೋಡು, ನಯವಾದ ಕಲ್ಲು, ಬೆಳ್ಳಿಯಂತೆ ಹೊಳೆಯುವ ಹುಲ್ಲಿನ ತೆನೆ. ಒಂದು ಸಲ ಆಳೆತ್ತರದ ಒಣಕೊಂಬೆಯನ್ನು ವಸಂತಕುಮಾರ ಲೋಕಲ್ ರೈಲಿನಲ್ಲಿ ಹಿಡಿದು ನಿಂತಿದ್ದಾಗ ಪಕ್ಕದವನೊಬ್ಬ, "ಕಾಕಾ, ಜಂಗಲ್ ಘರ್ ಲೇ ಜಾ ರಹೇ ಹೋ ಕ್ಯಾ?" ಕಾಡನ್ನೇ ಮನೆಗೆ ಒಯ್ಯುತ್ತಿದ್ದೀರಾ ಎಂದು ಕೇಳಿ ಬೋಗಿಯನ್ನೇ ನಗಿಸಿದ್ದ. ಆ ಕೊಂಬೆ ಈಗ ಕೋಣೆಯ ಮೂಲೆಯಲ್ಲಿ ದಾರದಿಂದ ತೂಗುತ್ತಿತ್ತು, ಮೈತುಂಬ ಬಣ್ಣ ಬಳಿದ ಕೋಡುಗಳು. ಗೋಡೆಯ ತೇವದ ಕಲೆಯ ಮೇಲೆ ಅವಳ ಅತ್ತೆಯ ಹಳೆಯ ರೇಷ್ಮೆ ಸೀರೆ. ಕಿಟಕಿಗೆ ಹುಲ್ಲಿನ ತೆನೆಗಳ ತೋರಣ. ಸಂಜೆ ಅದರ ಹಿಂದೆ ದೀಪ ಹಚ್ಚಿದರೆ ಗಲ್ಲಿಯಲ್ಲಿ ಹೋಗುವವರು ಒಂದು ಗಳಿಗೆ ತಲೆ ಎತ್ತುತ್ತಿದ್ದರು. ತಲೆ ಎತ್ತಿದವರನ್ನು ಕಂಡು ರತ್ನಾವತಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಗುತ್ತಿತ್ತು.

ಕರಾರು ಮುಗಿಯಲು ಸ್ವಲ್ಪವೇ ದಿನ ಇದೆ ಅನ್ನುವಾಗ ಸುನಿಲನ ಫೋನ್ ಬಂತು. ತಾಯಿಗೆ ಒಮ್ಮೆ ಮನೆ ನೋಡಬೇಕಂತೆ, ಭಾನುವಾರ ಬೆಳಿಗ್ಗೆ ಬರುತ್ತೇವೆ ಎಂದ.

ವಸಂತಕುಮಾರ ಹೋಟೆಲಿಗೆ ಅರ್ಧ ದಿನ ರಜೆ ಹೇಳಿದ. ಭಾನುವಾರ ಆ ಮನೆಯಲ್ಲಿ ನಡೆದದ್ದು ಮದುವೆ ಮರುದಿನದ ಚಪ್ಪರದ ಕೆಲಸ. ಕೊಂಬೆ ಇಳಿಯಿತು, ತೋರಣ ಇಳಿಯಿತು, ಸೀರೆ ಮಡಚಿ ಚೀಲಕ್ಕೆ ಹೋಯಿತು. ಕಲ್ಲು ಕೋಡುಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಬಾಗಿಲ ಬಳಿ ಕೂತವು. ಐರೋಲಿಯ ಆಫೀಸಿಗೆ ಹೋಗುವ ಮಗಳು ಅಶ್ಮಿತಾ ಹಲ್ಲುಜ್ಜುತ್ತ ಬಂದು ನಿಂತಳು.

"ಮಮ್ಮೀ, ಯೇ ಕ್ಯಾ ಡ್ರಾಮಾ ಹೈ?"

"ಡ್ರಾಮ ಅಲ್ಲ, ಸುಮ್ನೆ ಆ ಒದ್ದೆ ಟವೆಲ್ಲು ಕುರ್ಚಿ ಮೇಲೆ ಹಾಕು. ಇನ್ನೂ ಚೂರು ಗಲೀಜು ಕಾಣ್ಬೇಕು."

ತೇವದ ಕಲೆ ಗೋಡೆಯ ತುಂಬ ಹಬ್ಬಿ ಕಾಣುತ್ತಿತ್ತು. ವಸಂತಕುಮಾರ ತೃಪ್ತಿಯಿಂದ, "ಈಗ ಸರಿಯಾಯ್ತು. ಇದನ್ನು ನೋಡಿ ಶತ್ರುವಿಗೂ ಆಸೆ ಆಗ್ಲಿಕ್ಕಿಲ್ಲ" ಎಂದ. ರತ್ನಾವತಿಗೆ ಮಾತ್ರ ತನ್ನ ಕೂಸಿನ ಬಟ್ಟೆ ತಾನೇ ಬಿಚ್ಚಿ ಚಳಿಗೆ ನಿಲ್ಲಿಸಿದಂತಾಯಿತು.

ಸುನಿಲ ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಊರವರೆಲ್ಲ ಆಕೆಯನ್ನು ಆಯಿ ಎಂದೇ ಕರೆಯುವುದು. ಮೊಣಕಾಲು ನೋವಿನ, ಹಸಿರು ಬಳೆಯ ಮುದುಕಿ. ಹೊಸ್ತಿಲಲ್ಲಿ ನಿಂತ ಸುನಿಲನ ಕಣ್ಣು ಬೋಳು ಗೋಡೆಯ ಮೇಲೆ ಹೋಯಿತು, ಮಡಚಿದ ಸೀರೆಯ ಚೀಲದ ಮೇಲೆ ಹೋಯಿತು, ಬಾಗಿಲ ಬಳಿಯ ಪೆಟ್ಟಿಗೆಯ ಮೇಲೆ ನಿಂತಿತು.

"ಘರ್ ಸೋಡತಾಯ್ ಕಾ?" ಎಂದ. ಮನೆ ಬಿಡುತ್ತಿದ್ದೀರಾ? ಒಂದು ಮಾತು ಮೊದಲೇ ಹೇಳಬಾರದಿತ್ತೇ ಎಂಬ ಬೇಸರ ಅವನ ದನಿಯಲ್ಲಿತ್ತು. "ಸಾಮಾನು ಕಟ್ಟಿ ಆಗಿದೆಯಲ್ಲ! ಇರಲಿ ಬಿಡಿ. ನನ್ನ ಭಾವ ಮನೆ ಕೇಳುತ್ತಲೇ ಇದ್ದಾನೆ. ನೀವು ಇದ್ದೀರಿ ಅಂತ ಅವನಿಗೆ ಇಲ್ಲ ಅಂದಿದ್ದೆ. ಇವತ್ತೇ ಫೋನ್ ಮಾಡ್ತೇನೆ."

ಜೇಬಿನಿಂದ ಫೋನ್ ತೆಗೆದೂಬಿಟ್ಟ.

ಮನೆ ಉಳಿಯಲಿ ಎಂದು ಮಾಡಿದ ಉಪಾಯವೇ ಮನೆಯನ್ನು ಎತ್ತಿ ಕೊಡುತ್ತಿತ್ತು. ರತ್ನಾವತಿ ಮುಂದೆ ಬಂದಳು. ಹಿಂದಿ, ಮರಾಠಿ, ನಡುವೆ ತಿಳಿಯದೆ ತುಳು, ಎಲ್ಲ ಸೇರಿಸಿ, ಸುನಿಲನನ್ನು ಭಾವು ಅಂದರೆ ಸಹೋದರ ಎಂದು ಕರೆದು, ಅವಳು ಹೇಳಿದ್ದರ ಅರ್ಥ ಇಷ್ಟು:

"ಫೋನ್ ಮಾಡಬೇಡಿ ಭಾವು. ನಾವು ಬಿಡುತ್ತಿಲ್ಲ. ನಿಮಗೆ ಮನೆ ಚಂದ ಕಾಣಬಾರದು ಅಂತ ನಾನೇ ಎಲ್ಲ ಬಿಚ್ಚಿಟ್ಟೆ. ಚಂದ ಮಾಡಿದ ಮನೆಯನ್ನೆಲ್ಲ ಮಾಲೀಕರು ವಾಪಸ್ ತಗೊಂಡ್ರು. ಇದೂ ಹೋಗ್ತದೆ ಅಂತ ಹೆದರಿಕೆ ಆಯ್ತು. ನಂಗೆ ಇಲ್ಲೇ ಇರ್ಬೇಕು."

ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅಶ್ಮಿತಾ ಮೆಲ್ಲಗೆ ಬಂದು ಅಮ್ಮನ ಭುಜ ಹಿಡಿದಳು. ಸುನಿಲ ಫೋನನ್ನು ಮತ್ತೆ ಜೇಬಿಗಿಳಿಸಿದ. ಆಯಿ ಕುರ್ಚಿಯ ಒದ್ದೆ ಟವೆಲ್ಲನ್ನು ತೆಗೆದು ಪಕ್ಕಕ್ಕಿಟ್ಟು ಕೂತಳು.

"ನಾನು ಮೆಟ್ಟಿಲು ಹತ್ತಿ ಬಂದದ್ದು ಆ ಕಿಟಕಿ ನೋಡುವುದಕ್ಕೆ. ಸಂಜೆ ನಮ್ಮ ಬಾಗಿಲಿಂದ ಕಾಣುತ್ತದೆ. ಅದು ಗದ್ದೆಬದುವಿನ ಹುಲ್ಲು ಅಂತ ನಾನು, ಪ್ಲಾಸ್ಟಿಕ್ಕು ಅಂತ ಇವನು. ಎಲ್ಲಿಟ್ಟಿದ್ದೀ, ತೋರಿಸು."

ರತ್ನಾವತಿ ಪೆಟ್ಟಿಗೆಯಿಂದ ತೋರಣ ತೆಗೆದು ಆಕೆಯ ಮಡಿಲಿಗೆ ಇಟ್ಟಳು. ಮುದುಕಿ ಒಂದು ತೆನೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ನಮ್ಮ ಗದ್ದೆ ಸ್ಟೇಷನ್ ಕಡೆಗಿತ್ತು. ನಾನು ಮದುವೆಯಾಗಿ ಬಂದಾಗ ಅದು ಉಪ್ಪುನೆಲ. ಅತ್ತೆ ಸೊಸೆ ಸೇರಿ ಮಣ್ಣು ಹೊತ್ತು ಬದು ಕಟ್ಟಿದ್ವಿ. ಗದ್ದೆ ಹೋಗ್ತದಂತೆ, ಇಲ್ಲಿ ಪಟ್ಟಣ ಬರ್ತದಂತೆ ಅಂತ ಊರೆಲ್ಲ ಹೇಳ್ತಾ ಇತ್ತು. ಆ ವರ್ಷವೂ ನಾಟಿ ಮಾಡಿದ್ವಿ. ಅದರ ಮರುವರ್ಷವೂ ಮಾಡಿದ್ವಿ. ಹೋಗುವ ಗದ್ದೆ ಅಂತ ಬೀಳು ಬಿಡಲಿಕ್ಕೆ ಕೈ ಬರ್ಬೇಕಲ್ಲ ಮಗಾ! ಆ ಎರಡು ವರ್ಷದ ಅಕ್ಕಿಯಷ್ಟು ರುಚಿ ಮತ್ತೆ ತಿಂದಿಲ್ಲ ನಾನು."

ರತ್ನಾವತಿ ಸೆರಗಿನಿಂದ ಮುಖ ಒರೆಸಿಕೊಂಡು ಸ್ಟೂಲು ಎಳೆದಳು. ಹತ್ತಿ ತೋರಣ ಕಟ್ಟತೊಡಗಿದಾಗ ಸ್ಟೂಲು ಅಲ್ಲಾಡಿತು; ಸುನಿಲ ಬಂದು ಹಿಡಿದುಕೊಂಡ. ವಸಂತಕುಮಾರ ಚಹಾ ಇಟ್ಟ. ಅಶ್ಮಿತಾ ಕೊಂಬೆಗೆ ಕೋಡುಗಳನ್ನು ಒಂದೊಂದಾಗಿ ಪೋಣಿಸಿದಳು, ಸೀರೆ ಗೋಡೆಗೆ ಮರಳಿತು. ಚಹಾ ಮುಗಿಯುವ ಹೊತ್ತಿಗೆ ಬಂದವರಿಬ್ಬರ ಎದುರಿಗೇ ಮನೆ ಮತ್ತೆ ಮನೆಯಾಗಿತ್ತು.

ಸುನಿಲ ಸುತ್ತ ನೋಡಿದ. "ಛಾನ್ ದಿಸ್ತೇ" ಎಂದ.

ಕೇಳಿದೊಡನೆ ರತ್ನಾವತಿಗೆ ಬಿಟ್ಟುಬಂದ ಮನೆಗಳೆಲ್ಲ ನೆನಪಾದವು. ಸುನಿಲ ಪ್ರಾಮಾಣಿಕ ಮನುಷ್ಯ, ಬೆಣ್ಣೆ ಸವರಲಿಲ್ಲ.

"ಈ ಮಂಗಳವಾರ ಕರಾರು ಮಾಡಿಸೋಣ, ಹನ್ನೊಂದು ತಿಂಗಳಿಗೆ. ಅದರಾಚೆಗೆ ನಾನು ಮಾತು ಕೊಡಲಾರೆ ಅಕ್ಕಾ. ಮಗ ದೊಡ್ಡವನಾಗುತ್ತಿದ್ದಾನೆ. ಒಂದು ದಿನ ಅವನಿಗೆ ಈ ಮನೆ ಬೇಕಾಗುತ್ತದೆ."

ವಸಂತಕುಮಾರ ಹೆಂಡತಿಯ ಮುಖ ನೋಡಿದ. ಅವಳು ಮತ್ತೆ ಅಳುತ್ತಾಳೆ ಎಂದುಕೊಂಡಿದ್ದ. ರತ್ನಾವತಿ ಆಯಿಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ಬೇಕಾದ ದಿನ ಹೇಳಿ ಭಾವು. ಬಟ್ಟೆ ಪಾತ್ರೆ ತಗೊಂಡು ಹೋಗ್ತೇನೆ. ಗೋಡೆಯದ್ದು, ಕಿಟಕಿಯದ್ದು ಒಂದನ್ನೂ ಬಿಚ್ಚುವುದಿಲ್ಲ. ನಿಮ್ಮ ಸೊಸೆ ಬೋಳು ಮನೆಗೆ ಬರುವುದು ಬೇಡ."