ಲಾರಿಗೆ ಅರಿಶಿನ ಹಾಕಿದ ದೊಡ್ಡಪ್ಪ

ಆಗಿನ ಕಾಲವೇ ಚೆನ್ನಾಗಿತ್ತು, ಮನೆ ತುಂಬ ಜನ, ಮನಸ್ಸು ತುಂಬ ಪ್ರೀತಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಮನೆಯಲ್ಲೂ ಜನ ತುಂಬಿದ್ದರು. ಅದರಲ್ಲಿ ದೊಡ್ಡಪ್ಪನೂ ಒಬ್ಬ. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ಅಂಥ ಒಬ್ಬ ದೊಡ್ಡಪ್ಪ ನಿಮಗೂ ಇದ್ದೇ ಇರುತ್ತಾನೆ. ನನಗೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿರುವುದಿಲ್ಲ.

ಹಳ್ಳಿಮೈಸೂರಿನ ಹತ್ತಿರ ನಮ್ಮೂರು. ಆಲೂಗೆಡ್ಡೆ ಕೀಳುವ ಕಾಲ ಬಂತೆಂದರೆ ಅಂಗಳದ ತುಂಬ ಗೋಣಿಚೀಲ, ಹಸಿಮಣ್ಣಿನ ವಾಸನೆ, ಅದರ ಜೊತೆಗೆ ಡೀಸೆಲ್ ವಾಸನೆ. ಮೂತಿ ಚಾಚಿದ ಹಳೇ ಲಾರಿಯೊಂದಿತ್ತು ನಮ್ಮದು. ಓಡಿಸುತ್ತಿದ್ದವನು ಚಿಕ್ಕಪ್ಪ, ಠೀವಿಯೆಲ್ಲ ದೊಡ್ಡಪ್ಪನದು. ಲಾರಿಯ ನೆರಳಲ್ಲಿ ನಾವು ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದೆವು. ಆ ವರ್ಷವೇ ದಂಡಿಗನಹಳ್ಳಿ ಕಡೆಯಿಂದ ಮದುವೆಯಾಗಿ ಬಂದಿದ್ದ ಚಿಕ್ಕಮ್ಮ ಸೀರೆ ಎತ್ತಿ ಸಿಕ್ಕಿಸಿ ನಮ್ಮ ಜೊತೆ ಕುಂಟುತ್ತಿದ್ದಳು. ಕೆಂಡದಲ್ಲಿ ಗೆಡ್ಡೆ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಕೊಡುತ್ತಿದ್ದಳು. ಚಿಕ್ಕಪ್ಪ ಹಾಸನದ ಮಂಡಿಗೆ ಹೊರಟರೆ ಅವಳೂ ನಾನೂ ಮುಂದೆ ಹತ್ತಿ ಕೂರುತ್ತಿದ್ದೆವು. ದಾರಿಯುದ್ದಕ್ಕೂ ಅವಳ ಹಾಡು.

ಅಂಥದ್ದರಲ್ಲಿ ಲಾರಿ ಕುದಿಯತೊಡಗಿತು. ರೇಡಿಯೇಟರಿಗೆ ಎಷ್ಟು ನೀರು ಹೊಯ್ದರೂ ಎಲ್ಲೋ ಸೋರಿಹೋಗಿ, ನಾಲೆ ಕಂಡಲ್ಲೆಲ್ಲ ಚಿಕ್ಕಪ್ಪ ಬಕೆಟ್ ಹಿಡಿದು ಇಳಿಯಬೇಕಾಯಿತು. ಹಳೇ ಲಾರಿ, ಸೋರುತ್ತದೆ. ಎಲ್ಲಿ ಎಂದು ಬಗ್ಗಿ ನೋಡಬೇಕು. ಬಗ್ಗುವುದು ದೊಡ್ಡಪ್ಪನ ಘನತೆಗೆ ಕಡಿಮೆ. ಜಗಲಿಯ ಮೇಲೆ ಕೂತೇ ಕಾರಣ ಕಂಡುಹಿಡಿದ.

“ಮದ್ವೆಗ್ ಮುಂಚೆ ಇದು ಒಂದಿನಾನಾರ ಕುದ್ದಿತ್ತಾ? ಕಾಲ್ಗುಣ ಕಣ್ಲಾ,” ಎಂದ ಚಿಕ್ಕಪ್ಪನಿಗೆ, ಒಳಗಿದ್ದ ಚಿಕ್ಕಮ್ಮನಿಗೆ ಕೇಳುವ ಹಾಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಟ್ಟಿಕೊಂಡವನಾದರೂ ಒಂದು ಮಾತು ಆಡಿದನೇ? ಚಿಕ್ಕಪ್ಪನಿಗೆ ದೇವರು ಬಾಯಿ ಕೊಟ್ಟದ್ದು ಬೀಡಿ ಸೇದುವುದಕ್ಕೆ.

ದೊಡ್ಡಪ್ಪನ ವೈದ್ಯ ಶುರುವಾಯಿತು. ಮೊದಲು ಲಾರಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಆಮೇಲೆ ರೇಡಿಯೇಟರಿನ ತಳವೇ ಸೋರುವುದೆಂದು ಹೇಳಿ ಅದರ ಅಂಚಿಗೆಲ್ಲ ಬಟ್ಟೆ ಸೋಪು ಮೆತ್ತಿಸಿದ. ಕೊನೆಗೆ ನಮ್ಮ ಕಡೆ ಲಾರಿಯವರ ಮಾಮೂಲಿ ಮದ್ದು: ನೀರಿಗೆ ಅರಿಶಿನದ ಪುಡಿ. ಅದು ಹೋಗಿ ತೂತಿನಲ್ಲಿ ಕಚ್ಚಿಕೊಳ್ಳುತ್ತದಂತೆ. ಅಡುಗೆಮನೆಯ ಡಬ್ಬಿ ಸಾಲದೆ, ಚಿಕ್ಕಮ್ಮನಿಗೆ ತವರಲ್ಲಿ ಮಡಿಲು ತುಂಬಿ ಕೊಟ್ಟಿದ್ದ ಅರಿಶಿನವನ್ನೂ ತರಿಸಿ ಸುರಿದ. ಅವಳ ಕಾಲು ಆಗದು, ಅವಳ ತವರಿನ ಅರಿಶಿನ ಮಾತ್ರ ಆಗುತ್ತದೆ. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ.

ಆಮೇಲೂ ಲಾರಿ ಕುದಿಯಿತು.

“ಅವಳ್ನ ತವರಿಗ್ ಬುಟ್ಬುಟ್ ಬರಾನ ನಡಿ. ಲಾರಿ ನೆಟ್ಟಗಾದ್ರೆ ಕರ್ಕಂಡ್ ಬಂದ್ರಾಯ್ತು. ಇಲ್ದಿದ್ರೆ ಆಮೇಲ್ ನೋಡನ,” ಎಂದ.

ನೋಡನ ಎಂದರೆ ಏನೆಂದು ಮನೆಯವರಿಗೆಲ್ಲ ಗೊತ್ತಿತ್ತು. ಕಾಲ್ಗುಣ ಸರಿಯಿಲ್ಲ ಎಂದು ಕಳಿಸಿದ ಹೊಸ ಸೊಸೆ ಮತ್ತೆ ಹೊಸಿಲು ತುಳಿದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಹಾಸನದಲ್ಲಿ ಬಸ್ಸು ಹತ್ತಿಸುವುದೆಂದಾಯಿತು. ಗೆಡ್ಡೆ ಮೂಟೆಗಳ ಮೇಲೆ ಅವಳ ಟ್ರಂಕು ಹೇರಿದರು. ದೊಡ್ಡಪ್ಪ ತಾನೂ ಹೊರಟ. ನಾನು ಅತ್ತು ರಂಪ ಮಾಡಿ ಹತ್ತಿದೆ. ಆವತ್ತು ದಾರಿಯಲ್ಲಿ ಅವಳ ಹಾಡು ಇರಲಿಲ್ಲ.

ದಾರಿಯಲ್ಲಿ ಸಿಗುವ ಮೊಸಳೆ ಎಂಬ ಊರು ಇನ್ನೂ ಸ್ವಲ್ಪ ದೂರವಿರುವಾಗ ಲಾರಿ ಬುಸುಗುಟ್ಟಿ ನಿಂತಿತು. ದೊಡ್ಡಪ್ಪ ಹೊಂಗೆ ಮರದ ನೆರಳಿಗೆ ಹೋಗಿ ಕೂತ. ಬಿಸಿ ಇಳಿದ ಮೇಲೆ ಚಿಕ್ಕಪ್ಪ ಬಾನೆಟ್ ಎತ್ತಿದ. ನೀರಿನ ಬಕೆಟ್ ತಂದ ಚಿಕ್ಕಮ್ಮ ಒಳಗೆ ಇಣುಕಿದಳು.

“ಭಾವ, ಈ ಸೋಪು ಯಾಕೆ ಇನ್ನೂ ಬೆಳ್ಳಗದೆ?”

“ಸೋಪು ಇನ್ನೇನ್ ಕರ್ರಗಿರ್ತದಾ?” ಎಂದ ದೊಡ್ಡಪ್ಪ ಕೂತಲ್ಲಿಂದಲೇ.

“ಅರಿಶಿನದ್ ನೀರು ಸೋಕಿದ್ರೆ ಕೆಂಪಗಾಗ್ಬೇಕಿತ್ತು. ಬಟ್ಟೆ ಒಗ್ಯೋರ್ನ ಯಾರ್ನಾರ ಕೇಳಿ. ಇಲ್ಲಿ ಸೋರೇ ಇಲ್ಲ.”

ಹಾಗೆಂದು ಬಗ್ಗಿದಳು. ನಮ್ಮ ಮನೆಯಲ್ಲಿ ಆ ಲಾರಿಗೆ ಬಗ್ಗಿ ನೋಡಿದವರಲ್ಲಿ ಅವಳೇ ಮೊದಲಿಗಳು. ಫ್ಯಾನಿನ ಹಿಂದೆ ನೀರಿನ ಪಂಪು. ಅದರ ತಳದ ಸಣ್ಣ ತೂತಿನಿಂದ ಹಳದಿ ಗೆರೆಯೊಂದು ಇಳಿದು ಕೆಳಗಿನ ಕಬ್ಬಿಣವೆಲ್ಲ ಹಳದಿಯಾಗಿತ್ತು. ಚಿಕ್ಕಪ್ಪ ಫ್ಯಾನು ಹಿಡಿದು ಅಲುಗಿಸಿದ. ಪಂಪಿನ ಅಚ್ಚು ಲಡಲಡ ಅಲ್ಲಾಡಿತು.

“ಬೇರಿಂಗ್ ಓಗ್ಬುಟ್ಟದೆ ಅಣ್ಣ,” ಎಂದ. ಅಷ್ಟು ದಿನಕ್ಕೆ ಅವನ ಬಾಯಿಂದ ಬಂದ ಕೆಲಸದ ಮಾತು ಅದೊಂದೇ.

ನಿಂತು ನಿಂತು ನೀರು ಹೊಯ್ಯುತ್ತ ಹಾಸನ ತಲುಪಿದೆವು. ಗ್ಯಾರೇಜಿನಲ್ಲಿ ಹೊಸ ಪಂಪು ಕೂರಿಸಿ, ರೇಡಿಯೇಟರ್ ಬಿಚ್ಚಿ ತೊಳೆದರು. ಹಳದಿ ಬಗ್ಗಡ ದಬದಬ ಸುರಿಯಿತು.

“ಯಾರ್ ಸಾ ಇದ್ರೊಳ್ಗೆ ಬೇಳೆಸಾರು ಕಾಯ್ಸಿದ್ದು?” ಎಂದ ಮೆಕ್ಯಾನಿಕ್.

ದೊಡ್ಡಪ್ಪನಿಗೆ ಏನೂ ನಾಟಲಿಲ್ಲ. “ಆಕ್ದೋನು ನಾನೇ. ಅರಿಶಿನ ಆಕ್ದೆ ಇದ್ದಿದ್ರೆ ಸೋರೋ ಜಾಗ ಕಾಣ್ತಿತ್ತಾ?” ಎಂದು ಎದೆಯುಬ್ಬಿಸಿದ. ಚಿಕ್ಕಪ್ಪನ ಕಡೆ ತಿರುಗಿ, “ಟ್ರಂಕು ಲಾರೀಲೇ ಇರ್ಲಿ. ಅತ್ತಿ ಕೂತ್ಕಳಕ್ಕೇಳು ಅವಳ್ಗೆ,” ಎಂದ.

ಚಿಕ್ಕಮ್ಮ ಟ್ರಂಕನ್ನು ತಾನೇ ಇಳಿಸಿಕೊಂಡಳು. “ಪಂಪು ಬದ್ಲಾಯಿಸ್ಬುಟ್ರಿ ಭಾವ. ನಾಲ್ಗೆ ಬದ್ಲಾಯಿಸಕ್ಕೆ ಯಾವ್ ಗ್ಯಾರೇಜಿಗೋಗ್ತೀರಿ?” ಎಂದವಳೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನೂ ಹಿಂದೆ ಓಡಿದೆ. ತವರಿನ ಬಸ್ಸು ಎದುರಿಗೇ ನಿಂತಿತ್ತು. ಅವಳು ನಮ್ಮೂರಿನ ಬಸ್ಸು ಹತ್ತಿದಳು.

“ಅದು ನನ್ ಮನೆ ಕಣ್ ಮಗಾ. ಅವ್ರು ಲಾರಿಗ್ ತುಂಬುದ್ರೆ ಓಗಾಕೆ, ಇಳ್ಸುದ್ರೆ ಬರಾಕೆ ನಾನೇನ್ ಗೆಡ್ಡೆ ಮೂಟೆನಾ?”

ಈಗಿನ ಲಾರಿಗಳಿಗೆ ಹಸಿರು ಬಣ್ಣದ ಕೂಲಂಟ್ ಹಾಕುತ್ತಾರೆ. ಬಿಸಿ ಏರಿದರೆ ಡ್ರೈವರನ ಮುಂದೆ ಕೆಂಪು ದೀಪ ಹತ್ತುತ್ತದೆ. ಕಾಲ್ಗುಣ ನೋಡುವ ನಾಲಿಗೆಗಳು ಮಾತ್ರ ಇನ್ನೂ ಹಳೇ ಮಾಡೆಲ್ಲೇ. ಆ ಸೋರಿಕೆ ಹಿಡಿದವನು ತಾನೇ ಎಂದು ದೊಡ್ಡಪ್ಪ ಸಾಯುವವರೆಗೂ ಊರೆಲ್ಲ ಹೇಳಿಕೊಂಡು ತಿರುಗಿದ. ಕೇಳಿದವರು ತಲೆದೂಗಿದರು, ಅವರದೂ ಅದೇ ಯೋಗ್ಯತೆ.

ಚಿಕ್ಕಮ್ಮ ಮತ್ತೆ ಆ ಲಾರಿ ಹತ್ತಲಿಲ್ಲ. ಗೆಡ್ಡೆ ಸುಟ್ಟು ಕೊಟ್ಟಳು, ಕುಂಟೆಬಿಲ್ಲೆಗೂ ಬಂದಳು. ಹಾಡು ಎಂದರೆ, “ಗಂಟ್ಲು ಸರಿ ಇಲ್ಲ ಮಗಾ,” ಎನ್ನುತ್ತಿದ್ದಳು. ಆ ಕಾಲ ಚೆನ್ನಾಗಿತ್ತು ಎನ್ನುವವರು ಆ ಹಾಡನ್ನು ನನಗೆ ತಂದುಕೊಡಲಿ, ಆಮೇಲೆ ಅವರ ಮಾತು ಕೇಳುತ್ತೇನೆ.

ಲಾರಿಯನ್ನು ಗುಜರಿಗೆ ಹಾಕಿದ ದಿನ ದೊಡ್ಡಪ್ಪ ಬೀದಿಯಲ್ಲಿ ನಿಂತು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಚಿಕ್ಕಮ್ಮ ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ತಲೆ ಎತ್ತಲಿಲ್ಲ.